ಫಿಸಿಕ್ಸ್ ಓದಿದವರು ಮಷೀನ್ ಲರ್ನಿಂಗ್ ಕಡೆ ಯಾಕೆ ಹೊರಟಿದ್ದಾರೆ?

2024ರ ಅಕ್ಟೋಬರ್ 8ರಂದು ಭೌತಶಾಸ್ತ್ರದ ನೊಬೆಲ್ ಪ್ರಕಟವಾದಾಗ ತುಂಬಾ ಜನ ಗೊಂದಲಕ್ಕೆ ಬಿದ್ದರು. ಪ್ರಶಸ್ತಿ ಬಂದಿದ್ದು ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ. ಮಿದುಳಿನ ನರಕೋಶಗಳ ಮಾದರಿಯಲ್ಲಿ ಕಟ್ಟಿದ ಕೃತಕ ನರಜಾಲಗಳ ಮೂಲಕ ಮಷೀನ್ ಲರ್ನಿಂಗ್‌ಗೆ ತಳಪಾಯ ಹಾಕಿದ ಕೆಲಸಕ್ಕೆ ಅದು ಸಿಕ್ಕಿತು. ಅದರಲ್ಲಿ ಹೊಸ ಕಣವೂ ಇರಲಿಲ್ಲ, ನಕ್ಷತ್ರವೂ ಇರಲಿಲ್ಲ. ಮರುದಿನ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ಕೂಡ ಪ್ರೋಟೀನಿನ ಆಕಾರ ಊಹಿಸುವ ಎಐ ಕಟ್ಟಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರ ಪಾಲಾಯಿತು.

ಶಿವಮೊಗ್ಗದಂಥ ಊರಿನಲ್ಲಿ ಇದು ಮನೆಯೊಳಗಿನ ಪ್ರಶ್ನೆಯೂ ಹೌದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲೋ ಫಿಸಿಕ್ಸ್ ಓದುತ್ತಿರುವ ಮಕ್ಕಳು ಮುಂದೆ ಮಷೀನ್ ಲರ್ನಿಂಗ್ ಕಡೆ ಹೋಗುತ್ತೇವೆ ಅಂದಾಗ ಅಪ್ಪ ಅಮ್ಮ ಕೇಳುವುದು ಒಂದೇ: ಕೊನೆಗೆ ಕಂಪ್ಯೂಟರ್ ಕೆಲಸವೇ ಆಗಬೇಕಿದ್ದರೆ ಇಷ್ಟು ವರ್ಷ ಫಿಸಿಕ್ಸ್ ಯಾಕೆ ಓದಿದ್ದು? ಇದು ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಎರಡು ಕೆಲಸ, ಎರಡು ಸ್ವಭಾವ

ಮೊದಲು ಅಡಿಕೆ ಮಂಡಿಯಿಂದ ಶುರು ಮಾಡೋಣ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯಲ್ಲಿ ತರಾವರಿ. ಪಳಗಿದವರು ಒಂದು ಹಿಡಿ ಅಡಿಕೆ ಕೈಗೆತ್ತಿಕೊಂಡ ತಕ್ಷಣ ಅದರ ಗುಣಮಟ್ಟ ಹೇಳುತ್ತಾರೆ. ಹೇಗೆ ಗೊತ್ತಾಯಿತು ಅಂತ ಕೇಳಿದರೆ ಬಣ್ಣ, ಹೊಳಪು, ಗಟ್ಟಿತನ ಅಂತ ಒಂದಿಷ್ಟು ಹೇಳಬಹುದು. ಆದರೆ ಪೂರ್ತಿ ನಿಯಮ ಬರೆದುಕೊಡಿ ಅಂದರೆ ಕಷ್ಟ. ಆ ತಿಳಿವಳಿಕೆ ಸಾವಿರಾರು ಚೀಲ ನೋಡಿ ನೋಡಿ ಬಂದದ್ದು. ಮಷೀನ್ ಲರ್ನಿಂಗ್ ಮಾಡುವುದೂ ಇದನ್ನೇ. ನಿಯಮ ಬರೆದುಕೊಡದೆ ಯಂತ್ರಕ್ಕೆ ಉದಾಹರಣೆಗಳನ್ನು ತೋರಿಸುತ್ತಾ ಹೋಗುತ್ತಾರೆ. ಯಂತ್ರ ತನ್ನೊಳಗಿನ ಲಕ್ಷಾಂತರ ಅಂಕಿಗಳನ್ನು ಚೂರು ಚೂರೇ ಸರಿಪಡಿಸಿಕೊಳ್ಳುತ್ತಾ ತಪ್ಪು ಕಡಿಮೆ ಮಾಡಿಕೊಳ್ಳುತ್ತದೆ.

ಸೈದ್ಧಾಂತಿಕ ಭೌತವಿಜ್ಞಾನಿಯ ಸ್ವಭಾವ ಬೇರೆ. ಅವರಿಗೆ ಸರಿ ಉತ್ತರ ಸಿಕ್ಕರೆ ಸಾಲದು, ಕಾರಣವೂ ಬೇಕು. ಅದೂ ಆದಷ್ಟು ಚಿಕ್ಕ ಸಮೀಕರಣದಲ್ಲಿ. ಹಾಗಾದರೆ ಇವರಿಬ್ಬರೂ ಎಲ್ಲಿ ಕೂಡಿದರು?

ಆಗುಂಬೆಯ ನೆತ್ತಿಯ ಮೇಲೆ ಬಿದ್ದ ಹನಿ

ಕೂಡಿದ ಜಾಗ ಆಯಸ್ಕಾಂತ. ಭದ್ರಾವತಿಯದ್ದೇ ಆಗಲಿ, ಬೇರೆ ಕಡೆಯದ್ದೇ ಆಗಲಿ, ಒಂದು ತುಂಡು ಕಬ್ಬಿಣದೊಳಗೆ ಕೋಟಿ ಕೋಟಿ ಪರಮಾಣುಗಳಿವೆ. ಪ್ರತಿಯೊಂದೂ ಒಂದು ಪುಟ್ಟ ಆಯಸ್ಕಾಂತ. ಪಕ್ಕದವುಗಳನ್ನು ನೋಡಿ ತಾನೂ ಅದೇ ದಿಕ್ಕಿಗೆ ತಿರುಗುವ ಚಾಳಿ ಅವುಗಳದ್ದು. ಬಿಸಿ ಜಾಸ್ತಿಯಾದರೆ ಎಲ್ಲವೂ ಚೆಲ್ಲಾಪಿಲ್ಲಿ. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಯಸ್ಕಾಂತದ ಗುಣವನ್ನೇ ಕಳೆದುಕೊಳ್ಳುತ್ತದೆ. ಪಕ್ಕದವರನ್ನು ನೋಡಿ ಮೇಲೆ ಅಥವಾ ಕೆಳಗೆ ತಿರುಗುವ ಈ ಸರಳ ಚಿತ್ರಕ್ಕೆ ಐಸಿಂಗ್ ಮಾದರಿ ಅಂತ ಹೆಸರು. ಎರ್ನ್‌ಸ್ಟ್ ಐಸಿಂಗ್ ಇದರ ಬಗ್ಗೆ ಬರೆದ ಪ್ರಬಂಧ ಪ್ರಕಟವಾಗಿದ್ದು 1925ರಲ್ಲಿ.

ಹಾಪ್‌ಫೀಲ್ಡ್ ಘನವಸ್ತುಗಳ ಭೌತಶಾಸ್ತ್ರ ಓದಿದವರು. ಆಮೇಲೆ ಜೀವಶಾಸ್ತ್ರದ ಪ್ರಶ್ನೆಗಳ ಹಿಂದೆ ಹೋದರು. ಮಿದುಳಿನ ನರಕೋಶ ಕೂಡ ಪಕ್ಕದವುಗಳ ಮಾತು ಕೇಳಿ ಮಿಡಿಯುತ್ತದೆ ಅಥವಾ ಸುಮ್ಮನಿರುತ್ತದೆ, ಅಲ್ವಾ? ಹಾಗಿದ್ದರೆ ಆಯಸ್ಕಾಂತದ ಲೆಕ್ಕವನ್ನೇ ಇಲ್ಲಿಗೂ ತರಬಹುದು ಅಂತ ಅವರು 1982ರಲ್ಲಿ ತೋರಿಸಿದರು.

ಅವರ ಯೋಚನೆಯನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ಆಗುಂಬೆ ಕಡೆಯ ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆಹನಿಗೆ ಎರಡು ದಾರಿ. ಪಡುವಣಕ್ಕೆ ಜಾರಿದರೆ ಸೀತಾ ನದಿ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮೂಡಣಕ್ಕೆ ಜಾರಿದರೆ ಮಾಲತಿ, ತುಂಗೆ, ತುಂಗಭದ್ರೆ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ. ಹನಿಗೆ ಯಾರೂ ದಾರಿ ಹೇಳುವುದಿಲ್ಲ. ನೆಲದ ಏರುತಗ್ಗೇ ಅದನ್ನು ಕರೆದೊಯ್ಯುತ್ತದೆ. ಹಾಪ್‌ಫೀಲ್ಡ್ ಅವರ ಜಾಲದಲ್ಲಿ ಒಂದೊಂದು ನೆನಪೂ ಒಂದೊಂದು ಕಣಿವೆ. ಮಸುಕಾದ ಒಂದು ಚಿತ್ರ ಕೊಟ್ಟರೆ ಅದು ಇಳಿಜಾರಿನ ಮೇಲೆ ಎಲ್ಲೋ ಬಿದ್ದ ಹನಿ. ಅದು ತನ್ನಷ್ಟಕ್ಕೆ ಇಳಿಯುತ್ತಾ ಹೋಗಿ ಹತ್ತಿರದ ಕಣಿವೆಯ ತಳ ಮುಟ್ಟುತ್ತದೆ. ಆ ತಳವೇ ಪೂರ್ತಿ ನೆನಪು. ಕಲಿಯುವುದು ಅಂದರೆ ಸರಿಯಾದ ಜಾಗದಲ್ಲಿ ಕಣಿವೆ ತೋಡುವುದು. ಭೌತಶಾಸ್ತ್ರದ ಭಾಷೆಯಲ್ಲಿ ಎತ್ತರ ಅಂದರೆ ಇಲ್ಲಿ ಶಕ್ತಿ. ಎಲ್ಲ ವಸ್ತುಗಳೂ ಕಡಿಮೆ ಶಕ್ತಿಯ ಸ್ಥಿತಿಯತ್ತ ಜಾರುತ್ತವೆ ಅನ್ನುವ ಹಳೆಯ ತಿಳಿವಳಿಕೆ ಇಲ್ಲಿ ನೆನಪಿನ ಯಂತ್ರವಾಯಿತು.

ಹಾಪ್‌ಫೀಲ್ಡ್ ಪ್ರಯೋಗ ಮಾಡಿದ ಜಾಲದಲ್ಲಿ ಇದ್ದದ್ದು ನರಕೋಶದಂಥ ಬರೀ 30 ಬಿಂದುಗಳು. ಅವುಗಳ ನಡುವೆ 435 ಸಂಪರ್ಕ, ಒಂದೊಂದರ ಬಲಕ್ಕೂ ಒಂದೊಂದು ಅಂಕಿ. 2020ರಲ್ಲಿ ಬಂದ, ಪಠ್ಯ ಬರೆಯುವ ಭಾಷಾ ಮಾದರಿ ಜಿಪಿಟಿ-3ರಲ್ಲಿ ಅಂಥ ಹೊಂದಿಸಬಹುದಾದ ಅಂಕಿಗಳು 17,500 ಕೋಟಿ.

ಹನಿ ಒಮ್ಮೊಮ್ಮೆ ದಾರಿಯಲ್ಲಿನ ಸಣ್ಣ ಗುಂಡಿಯಲ್ಲೇ ನಿಂತುಬಿಡುತ್ತದೆ. ಅದನ್ನು ದಾಟಿಸುವುದು ಹೇಗೆ? ಹಿಂಟನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಕಟ್ಟಿದ ಬೋಲ್ಟ್ಸ್‌ಮನ್ ಯಂತ್ರದಲ್ಲಿ ಇದಕ್ಕೊಂದು ಉತ್ತರ ಇದೆ. ಕೊಳಗಕ್ಕೆ ಭತ್ತ ಸುರಿದು ತಟ್ಟುವುದನ್ನು ನೆನಪಿಸಿಕೊಳ್ಳಿ. ಮೊದಲು ಜೋರಾಗಿ ಅಲ್ಲಾಡಿಸಿ, ಆಮೇಲೆ ಮೆಲ್ಲಗೆ ತಟ್ಟಿದರೆ ಕಾಳು ಚೆನ್ನಾಗಿ ಕೂರುತ್ತದೆ. ಆ ಅಲ್ಲಾಡಿಸುವಿಕೆಯೇ ಬಿಸಿ. ಯಾವ ಬಿಸಿಯಲ್ಲಿ ಯಾವ ಸ್ಥಿತಿ ಎಷ್ಟು ಸಲ ಬರುತ್ತದೆ ಅನ್ನುವ ಸೂತ್ರವನ್ನು ಲುಡ್ವಿಗ್ ಬೋಲ್ಟ್ಸ್‌ಮನ್ 19ನೇ ಶತಮಾನದಲ್ಲೇ ಕೊಟ್ಟಿದ್ದರು. ಅನಿಲದ ಅಣುಗಳಿಗೆ ಬರೆದ ಸೂತ್ರ ಅದು.

ಇಂಥ ಕೊಡುಕೊಳ್ಳುವಿಕೆ ಅಲ್ಲಿಗೇ ನಿಲ್ಲಲಿಲ್ಲ. ಒಂದು ಲೋಟ ನೀರಿಗೆ ಒಂದು ಹನಿ ಅಡಿಕೆ ಚೊಗರು ಹಾಕಿದರೆ ನಿಧಾನಕ್ಕೆ ಹರಡಿ ನೀರೆಲ್ಲಾ ಕೆಂಪಾಗುತ್ತದೆ. ಈ ಹರಡುವಿಕೆಯನ್ನು ಹಿಂದುಮುಂದಾಗಿ ನಡೆಸುವುದನ್ನು ಯಂತ್ರಕ್ಕೆ ಕಲಿಸಿದರೆ? 2015ರಲ್ಲಿ ಬಂದ ಈ ವಿಚಾರದಿಂದಲೇ ಇವತ್ತಿನ ಚಿತ್ರ ಬರೆಯುವ ಡಿಫ್ಯೂಷನ್ ಎಐಗಳು ಹುಟ್ಟಿದವು.

'ಇದು ಫಿಸಿಕ್ಸೇ ಅಲ್ಲ' ಅನ್ನುವವರು

ಈ ನೊಬೆಲ್ ಅನ್ನು ಒಪ್ಪದವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಹಿಂಟನ್ ಅವರ ಪದವಿ ಮನಃಶಾಸ್ತ್ರದ್ದು, ಪಿಎಚ್‌ಡಿ ಕೃತಕ ಬುದ್ಧಿಮತ್ತೆಯದ್ದು. ಇವತ್ತಿನ ಭಾಷಾ ಮಾದರಿಗಳಲ್ಲಿ ಹಾಪ್‌ಫೀಲ್ಡ್ ಜಾಲವಾಗಲಿ ಬೋಲ್ಟ್ಸ್‌ಮನ್ ಯಂತ್ರವಾಗಲಿ ನೇರವಾಗಿ ಬಳಕೆಯಲ್ಲಿಲ್ಲ. ಜಪಾನಿನ ಶುನ್-ಇಚಿ ಅಮಾರಿ ಇಂಥದ್ದೇ ಜಾಲದ ಬಗ್ಗೆ 1972ರಲ್ಲೇ ಬರೆದಿದ್ದರು. ಅಂದರೆ ಯಾರಿಗೆ ಎಷ್ಟು ಪಾಲು ಸಲ್ಲಬೇಕು ಅನ್ನುವ ತಕರಾರು ಸುಮ್ಮನೆ ಹುಟ್ಟಿದ್ದಲ್ಲ.

ಆದರೂ ಮೂಲ ಪ್ರಶ್ನೆಯಲ್ಲಿ ನನಗೆ ಅವರ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಇಲ್ಲಿ ಭೌತಶಾಸ್ತ್ರ ಬರೀ ಉಪಮೆ ಆಗಿ ಬಂದಿಲ್ಲ, ಲೆಕ್ಕವಾಗಿ ಬಂದಿದೆ. ಹಾಪ್‌ಫೀಲ್ಡ್ ಜಾಲದಲ್ಲಿ ಎಷ್ಟು ನೆನಪು ಹಿಡಿಸುತ್ತದೆ ಅನ್ನುವುದನ್ನು 1985ರಲ್ಲಿ ಆಮಿಟ್, ಗುಟ್‌ಫ್ರಾಯ್ಂಡ್, ಸೋಂಪೊಲಿನ್ಸ್‌ಕಿ ಎಂಬ ಮೂವರು ಲೆಕ್ಕ ಹಾಕಿದರು. ನೂರು ಬಿಂದುಗಳಿಗೆ ಸುಮಾರು 14 ನೆನಪು. ಅದಕ್ಕೆ ಮೀರಿದರೆ ಎಲ್ಲಾ ಕಲಸುಮೇಲೋಗರ. ಅವರು ಬಳಸಿದ್ದು 'ಸ್ಪಿನ್ ಗ್ಲಾಸ್' ಅನ್ನುವ ವಿಚಿತ್ರ ಆಯಸ್ಕಾಂತಗಳಿಗೆ ಕಟ್ಟಿದ ಗಣಿತ. ಆ ಗಣಿತವನ್ನು ಬೆಳೆಸಿದ ಜಾರ್ಜೊ ಪರೀಸಿ ಅವರಿಗೆ 2021ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಬಂದಾಗ ಯಾರೂ ಅದು ಫಿಸಿಕ್ಸ್ ಅಲ್ಲ ಅನ್ನಲಿಲ್ಲ.

ಮನೆಯವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಎಂಎಸ್ಸಿಯಲ್ಲಿ ಕಲಿಯುವ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಅಂದರೆ ಕೋಟಿಗಟ್ಟಲೆ ಕಣಗಳ ಒಟ್ಟು ನಡವಳಿಕೆಯನ್ನು ಹೇಳುವ ಈ ಲೆಕ್ಕ, ಹೊಸ ಕೆಲಸದಲ್ಲಿ ಮೂಲೆಗೆ ಬೀಳುವುದಿಲ್ಲ. ಆ ಕ್ಷೇತ್ರದ ಅಡಿಗಲ್ಲುಗಳಲ್ಲಿ ಅದೂ ಒಂದು.

ಹೊರಡುವುದು ಸಂಬಳಕ್ಕೆ ಮಾತ್ರವಾ?

ದುಡ್ಡು ಒಂದು ಕಾರಣ ಹೌದು. ನಮ್ಮ ದೇಶದಲ್ಲಿ ಪಿಎಚ್‌ಡಿಗೆ ಸೇರಿದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ವಿದ್ಯಾರ್ಥಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಸಂಶೋಧನೆಗೆ ಬರುವವರಿಗೆ ಈ ಲೆಕ್ಕ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೇ ಬಂದಿರುತ್ತಾರೆ. ಅವರನ್ನು ಕೊನೆಗೆ ಹೊರಗೆ ತಳ್ಳುವುದು ಅನಿಶ್ಚಿತತೆ.

ಪಿಎಚ್‌ಡಿಗೆ ಐದಾರು ವರ್ಷ. ಆಮೇಲೆ ಎರಡೋ ಮೂರೋ ವರ್ಷದ ಪೋಸ್ಟ್‌ಡಾಕ್ ಅನ್ನುವ ತಾತ್ಕಾಲಿಕ ಸಂಶೋಧನಾ ಕೆಲಸ. ಒಂದು ಮುಗಿದರೆ ಇನ್ನೊಂದು, ಸಾಮಾನ್ಯವಾಗಿ ಇನ್ನೊಂದು ದೇಶದಲ್ಲಿ. ವಯಸ್ಸು 35ರ ಹತ್ತಿರ ಬಂದರೂ ಕಾಯಂ ಕೆಲಸ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ, ನೋಡಿಕೊಳ್ಳಬೇಕಾದ ತೋಟ ಇರುವವರಿಗೆ ಇದು ಇನ್ನೂ ಭಾರ. ವಾಪಸ್ ಬಂದು ಕಾಲೇಜಿನಲ್ಲಿ ಪಾಠ ಮಾಡೋಣ ಅಂದರೆ ಅತಿಥಿ ಉಪನ್ಯಾಸಕರ ಪಾಡು ಎಲ್ಲರಿಗೂ ಗೊತ್ತಿರುವುದೇ. ವರ್ಷ ವರ್ಷ ಹೊಸದಾಗಿ ನೇಮಕ, ರಜೆಯ ತಿಂಗಳಲ್ಲಿ ಸಂಬಳವಿಲ್ಲ. ಇಷ್ಟು ಓದಿದವರನ್ನು ಹೀಗೆ ನಡೆಸಿಕೊಳ್ಳುವುದು ದೊಡ್ಡ ತಪ್ಪು ಅಂತ ಹೇಳಲೇಬೇಕು.

ಇದರ ಬೇರು ಖರ್ಚಿನ ಲೆಕ್ಕದಲ್ಲಿದೆ. 2020-21ರ ಅಂಕಿಅಂಶದ ಪ್ರಕಾರ ಭಾರತ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ 0.64ರಷ್ಟು ಮಾತ್ರ. ಹಣ ಕಡಿಮೆಯಾದರೆ ಹುದ್ದೆ ಕಡಿಮೆ. ಹುದ್ದೆ ಕಡಿಮೆಯಾದರೆ ಕಾಯುವ ಸಾಲು ಉದ್ದ. ಸಾಲು ಉದ್ದವಾದರೆ ಕಾಯಲು ಶಕ್ತಿ ಇರುವ ಮನೆಯ ಮಕ್ಕಳು ಮಾತ್ರ ಕೊನೆವರೆಗೂ ಉಳಿಯುತ್ತಾರೆ. ಇದೇ ಹೊತ್ತಿನಲ್ಲಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಇಂಡಿಯಾಎಐ ಮಿಷನ್‌ಗೆ ಸುಮಾರು 10,372 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ನೀರು ಎತ್ತ ಹರಿಯುತ್ತದೋ ಜನ ಅತ್ತ ಹೋಗುತ್ತಾರೆ.

ಜೊತೆಗೆ ವಿಷಯದ ಒಳಗಿನದೇ ಒಂದು ಕಾರಣ ಇದೆ. 2012ರ ಜುಲೈನಲ್ಲಿ ಜಿನೀವಾ ಬಳಿ ಕಣಗಳನ್ನು ಡಿಕ್ಕಿ ಹೊಡೆಸುವ ದೊಡ್ಡ ಯಂತ್ರದಲ್ಲಿ, ಸಿದ್ಧಾಂತ ಬಹುಕಾಲದಿಂದ ಹೇಳುತ್ತಿದ್ದ ಹಿಗ್ಸ್ ಎಂಬ ಮೂಲಕಣ ಸಿಕ್ಕಿತು. ಆಮೇಲೆ ಅಲ್ಲಿ ಹೊಸ ಮೂಲಕಣ ಯಾವುದೂ ಸಿಕ್ಕಿಲ್ಲ. ಸಿಗುತ್ತದೆ ಅಂತ ನಂಬಿ ಸಿದ್ಧಾಂತ ಕಟ್ಟಿದವರು ಕಾಯುತ್ತಲೇ ಇದ್ದಾರೆ. ಪ್ರಯೋಗದಿಂದ ಸರಿ ಅಥವಾ ತಪ್ಪು ಅನ್ನುವ ಉತ್ತರ ಬರದೆ ದಶಕ ಕಳೆಯುವುದು ಯಾವ ವಿಜ್ಞಾನಿಗಾದರೂ ಕಷ್ಟ. ಮಷೀನ್ ಲರ್ನಿಂಗ್‌ನಲ್ಲಿ ಬೆಳಿಗ್ಗೆ ಹೊಳೆದ ವಿಚಾರಕ್ಕೆ ಸಂಜೆಯೊಳಗೆ ಉತ್ತರ ಬರಬಹುದು. ಇದರ ಸೆಳೆತವನ್ನು ಹೊರಗಿನವರು ಕಡಿಮೆ ಅಂದಾಜು ಮಾಡುತ್ತಾರೆ.

ಇಂಥ ವಲಸೆ ಹಿಂದೆಯೂ ಆಗಿತ್ತು. 1993ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು ಟೆಕ್ಸಸ್‌ನ ಬೃಹತ್ ಕಣವೇಗವರ್ಧಕ ಯೋಜನೆಯನ್ನು ಕೈಬಿಟ್ಟಿತು. 87 ಕಿಲೋಮೀಟರ್ ಉಂಗುರದ ಪೈಕಿ 23 ಕಿಲೋಮೀಟರ್ ಸುರಂಗ ಆಗಲೇ ತೋಡಿ ಆಗಿತ್ತು. ಕೆಲಸ ಕಳೆದುಕೊಂಡ ಎಷ್ಟೋ ಭೌತವಿಜ್ಞಾನಿಗಳು ಷೇರುಪೇಟೆಯ ಲೆಕ್ಕಾಚಾರಕ್ಕೆ ಹೋದರು. ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸ ಇದೆ. ಆಗ ಹೋದವರು ತಮ್ಮ ಜಾಣತನವನ್ನು ಒಯ್ದರು. ಈಗ ಹೋಗುವವರು ತಮ್ಮ ಪ್ರಶ್ನೆಗಳನ್ನೂ ಒಯ್ಯುತ್ತಿದ್ದಾರೆ.

ಹೋದವರಿಗೆ ಅಲ್ಲಿ ಏನು ಕಾದಿದೆ

ಪ್ರಶ್ನೆಯನ್ನೂ ಒಯ್ಯುವುದು ಅಂದರೆ ಏನು ಅನ್ನುವುದಕ್ಕೆ ಒಂದು ಉದಾಹರಣೆ. ಜೇರೆಡ್ ಕ್ಯಾಪ್ಲಾನ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತವಿಜ್ಞಾನಿಯಾಗಿದ್ದವರು. 2020ರಲ್ಲಿ ಅವರು ಮತ್ತು ಜೊತೆಗಾರರು ಭಾಷಾ ಮಾದರಿಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಅಳೆಯುತ್ತಾ ಹೋದರು. ಮಾದರಿಯ ಗಾತ್ರ, ಓದಿಸಿದ ಪಠ್ಯ, ಲೆಕ್ಕದ ಪ್ರಮಾಣ ಹತ್ತು ಪಟ್ಟು ಆದಾಗಲೆಲ್ಲ ತಪ್ಪು ಒಂದು ನಿಗದಿತ ಪಾಲಿನಷ್ಟು ಇಳಿಯುತ್ತಿತ್ತು. ಒಂದೊಂದು ಮೆಟ್ಟಿಲೂ ಹತ್ತು ಪಟ್ಟು ಆಗುವ (ಲಾಗ್) ಅಳತೆಯ ಗ್ರಾಫಿನಲ್ಲಿ ಎಳೆದರೆ ನೇರ ಗೆರೆ. ಆಯಸ್ಕಾಂತ ಗುಣ ಕಳೆದುಕೊಳ್ಳುವ ಹೊತ್ತು ಇಂಥ ಗೆರೆಗಳು ಕಾಣುವುದು ಭೌತಶಾಸ್ತ್ರದವರಿಗೆ ಹಳೆಯ ಪರಿಚಯ. 2022ರಲ್ಲಿ ಇನ್ನೊಂದು ತಂಡ ಮತ್ತೆ ಅಳೆದು, ಮಾದರಿ ದೊಡ್ಡದು ಮಾಡಿದಷ್ಟೇ ಪಠ್ಯವನ್ನೂ ಹೆಚ್ಚಿಸಬೇಕು ಅಂತ ಆ ಲೆಕ್ಕವನ್ನು ತಿದ್ದಿತು. ಅಳೆಯುವುದು, ನಿಯಮ ಹೇಳುವುದು, ತಿದ್ದುವುದು. ಲ್ಯಾಬಿನಲ್ಲಿ ಕಲಿತ ರೂಢಿಯೇ ಇದು.

ಆದರೆ ಎಲ್ಲರಿಗೂ ಇಂಥ ಕೆಲಸ ಸಿಗುವುದಿಲ್ಲ. ಇದನ್ನು ವಿದ್ಯಾರ್ಥಿಗಳಿಗೆ ನೇರವಾಗಿ ಹೇಳಬೇಕು. ಬೆಂಗಳೂರಿನಲ್ಲಿ ಈ ಹೆಸರಿನಲ್ಲಿ ಸಿಗುವ ಹೆಚ್ಚಿನ ಕೆಲಸ ದತ್ತಾಂಶ ಶುಚಿ ಮಾಡುವುದು, ವರದಿ ತಯಾರಿಸುವುದು, ಬೇರೆಯವರು ಮಾಡಿದ ಮಾದರಿಯನ್ನು ಗ್ರಾಹಕರ ಕೆಲಸಕ್ಕೆ ಹೊಂದಿಸುವುದು. ಸಮೀಕರಣ ಬಿಡಿಸಲು ಬರುತ್ತದೆ ಅಂದರೆ ಸಾಲದು. ನಾಲ್ಕು ಜನ ಸೇರಿ ಬರೆಯುವ ದೊಡ್ಡ ಕೋಡ್‌ನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಲು ಬರಬೇಕು. ಫಿಸಿಕ್ಸ್‌ನಿಂದ ಬಂದವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಶುರುವಿನ ಹಂತದ ಕೋಡಿಂಗ್ ಕೆಲಸವನ್ನು ಈಗ ಎಐಯೇ ಮಾಡುತ್ತಿದೆ ಅನ್ನುವುದೂ ನಿಜ.

ಕಳೆದುಕೊಳ್ಳುವುದು ಇನ್ನೊಂದಿದೆ, ಮುಕ್ತವಾಗಿ ಮಾತಾಡುವ ಹಕ್ಕು. ಭೌತಶಾಸ್ತ್ರದಲ್ಲಿ ಕಂಡುಹಿಡಿದದ್ದನ್ನು ಎಲ್ಲರ ಮುಂದಿಡುವುದೇ ಪದ್ಧತಿ. 2023ರಲ್ಲಿ ಜಿಪಿಟಿ-4 ಬಂದಾಗ ಅದರ ಗಾತ್ರ, ರಚನೆ ಏನನ್ನೂ ಅದನ್ನು ತಯಾರಿಸಿದ ಓಪನ್‌ಎಐ ಕಂಪನಿ ಬಿಟ್ಟುಕೊಡಲಿಲ್ಲ. ಹಿಂಟನ್ ಕೂಡ ಎಐಯ ಅಪಾಯಗಳ ಬಗ್ಗೆ ಹಿಂಜರಿಕೆಯಿಲ್ಲದೆ ಮಾತಾಡಬೇಕು ಅಂತಲೇ 2023ರಲ್ಲಿ ಗೂಗಲ್ ಬಿಟ್ಟರು.

ಹಿಂದೆ ಉಳಿಯುವ ಕ್ಲಾಸ್‌ರೂಮ್

ಒಬ್ಬ ಸಂಶೋಧಕರು ಬೆಂಗಳೂರಿನ ದೊಡ್ಡ ಸಂಸ್ಥೆ ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಜಿಲ್ಲೆಯ ಕಾಲೇಜಿಗೆ ಆ ಅನುಕೂಲ ಇಲ್ಲ. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಚೆನ್ನಾಗಿ ಕಲಿಸುವ ಒಬ್ಬರು ಹೋದರೆ ಆ ವಿಷಯವೇ ನೋಟ್ಸ್ ಬರೆಸುವ ಮಟ್ಟಕ್ಕೆ ಇಳಿಯುತ್ತದೆ. ಹಾಗೆ ಕಲಿತವರಿಗೆ ಫಿಸಿಕ್ಸೂ ಬರುವುದಿಲ್ಲ, ಅದರ ಮೇಲೆ ನಿಂತ ಮಷೀನ್ ಲರ್ನಿಂಗೂ ಬರುವುದಿಲ್ಲ. ಎಐ ಹೆಸರಿನ ಎಂಜಿನಿಯರಿಂಗ್ ವಿಭಾಗಗಳು ಎಲ್ಲೆಡೆ ತೆರೆಯುತ್ತಿವೆ. ಬಿಎಸ್ಸಿ ಫಿಸಿಕ್ಸ್ ಓದು ಅಂತ ಮಕ್ಕಳಿಗೆ ಹೇಳುವವರು ಕಡಿಮೆ. ಮೇಲ್ಮಹಡಿಗೆ ಬಣ್ಣ ಹೊಡೆಯುತ್ತಾ ತಳಪಾಯದ ಕಲ್ಲು ಕೀಳುತ್ತಿದ್ದೇವೆ ಅನ್ನುವ ಭಯ ನನ್ನದು.

ವಲಸೆ ತಡೆಯಬೇಕು ಅನ್ನುವುದು ನನ್ನ ವಾದವಲ್ಲ. ಅದು ಆಗುವ ಮಾತೂ ಅಲ್ಲ, ಸರಿಯೂ ಅಲ್ಲ. ಹೋಗುವವರು ಹೋಗಲಿ. ಕಲಿಸುವ ಕೆಲಸ ಕಾಯಂ ಆಗಲಿ. ಐಸಿಂಗ್ ಮಾದರಿಯನ್ನು ಬೋರ್ಡಿನ ಮೇಲೆ ಬಿಡಿಸಿದ ದಿನವೇ ಅದನ್ನು ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡುವ ಅವಕಾಶ ಸಿಗಲಿ. ಅದಕ್ಕೆ ಐವತ್ತು ಸಾಲಿನ ಕೋಡ್ ಸಾಕು.

ಮಳೆಯ ಲೆಕ್ಕದಲ್ಲಿ ಇಬ್ಬರೂ ಬೇಕು

ಭೌತಶಾಸ್ತ್ರ ಮತ್ತು ಮಷೀನ್ ಲರ್ನಿಂಗ್ ಒಂದನ್ನೊಂದು ಬಿಟ್ಟಿರಲು ಆಗದ ಜಾಗ ಮಲೆನಾಡಿಗೆ ಬಹಳ ಹತ್ತಿರದ್ದು. ಅದು ಮಳೆಯ ಮುನ್ಸೂಚನೆ. 2023ರಲ್ಲಿ ಬಂದ ಗ್ರಾಫ್‌ಕಾಸ್ಟ್ ಎಂಬ ಎಐ ಹತ್ತು ದಿನದ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಟ್ಟು ಅಚ್ಚರಿ ಹುಟ್ಟಿಸಿತು. ಯುರೋಪಿನ ಹವಾಮಾನ ಮುನ್ಸೂಚನೆ ಕೇಂದ್ರ 2025ರ ಫೆಬ್ರುವರಿಯಲ್ಲಿ ತನ್ನದೇ ಎಐ ಮಾದರಿಯನ್ನು ದಿನನಿತ್ಯದ ಬಳಕೆಗೆ ತಂದಿತು. ಇನ್ನು ಸಮೀಕರಣಗಳ ಕಾಲ ಮುಗಿಯಿತು ಅಂತ ಹಲವರು ಹೇಳಿದರು.

ಆದರೆ ಈ ಎಐಗಳು ಕಲಿತದ್ದು ಯಾವುದರಿಂದ? ದಶಕಗಳ ಹವಾಮಾನವನ್ನು ಗಂಟೆಗಂಟೆಗೂ ತುಂಬಿಕೊಟ್ಟ ಒಂದು ದೊಡ್ಡ ದಾಖಲೆಯಿಂದ. ಆ ದಾಖಲೆಯನ್ನು ತಯಾರಿಸಿದ್ದು ಅಳತೆಗಳನ್ನೂ ಭೌತಶಾಸ್ತ್ರದ ಸಮೀಕರಣಗಳನ್ನೂ ಬೆಸೆದು. ಅಂದರೆ ಹೊಸ ಮಾದರಿ ಹಳೆಯದರ ಹೆಗಲ ಮೇಲೆ ಕೂತಿದೆ.

ಆ ದಾಖಲೆಯಲ್ಲಿ ಭೂಮಿಯನ್ನು ಸುಮಾರು 25ರಿಂದ 30 ಕಿಲೋಮೀಟರ್ ಅಗಲದ ಚೌಕಗಳಾಗಿ ಹಂಚಲಾಗಿದೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವ ದಾರಿ ಅದರ ಅರ್ಧದಷ್ಟೂ ಇಲ್ಲ. ಇಡೀ ಘಟ್ಟವೇ ಒಂದು ಚೌಕದೊಳಗೆ ಮುಳುಗಿಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಅದೇ ಜಿಲ್ಲೆಯ ಶಿಕಾರಿಪುರ, ಭದ್ರಾವತಿ ಕಡೆ ಅದರ ಸಣ್ಣ ಪಾಲು. ಸಮುದ್ರದ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ ತಣ್ಣಗಾಗಿ ನೀರಿಳಿಸುವುದರಿಂದ ಈ ವ್ಯತ್ಯಾಸ. ಗುಡ್ಡವನ್ನೇ ಕಾಣದ ಮಾದರಿಗೆ ಇದು ಹೇಗೆ ಗೊತ್ತಾಗಬೇಕು? ಭಾರತ 2025ರ ಮೇ ತಿಂಗಳಲ್ಲಿ 6 ಕಿಲೋಮೀಟರ್ ಚೌಕದ ಮುನ್ಸೂಚನೆ ವ್ಯವಸ್ಥೆ ಶುರು ಮಾಡಿದೆ. ಅದು ಸಮೀಕರಣಗಳನ್ನು ಬಿಡಿಸುವ ವ್ಯವಸ್ಥೆ. ಆದರೂ ತೀರ್ಥಹಳ್ಳಿಯ ಒಂದು ತೋಟ, ಹೊಸನಗರದ ಒಂದು ಕಣಿವೆ ಅದಕ್ಕೂ ಚಿಕ್ಕವು.

ತೋಟದವರಿಗೆ ಬೇಕಾಗಿರುವುದು ಅಷ್ಟೇ ಚಿಕ್ಕ ಉತ್ತರ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ದ್ರಾವಣ ಹೊಡೆಯಬೇಕು. ಮಳೆಗಾಲದ ನಡುವೆ ಎರಡನೇ ಸಲ ಹೊಡೆಯಲು ಎರಡು ದಿನ ಮಳೆಬಿಟ್ಟ ಹೊಳವು ಬೇಕು. ಮರ ಹತ್ತಿ ಹೊಡೆಯುವ ಕೊನೆಗಾರರನ್ನು ಯಾವ ದಿನಕ್ಕೆ ಕರೆಯಬೇಕು? ಕರೆದ ದಿನ ಮಳೆ ಹಿಡಿದರೆ ಕೂಲಿಯೂ ಹೋಯಿತು, ಔಷಧಿಯೂ ಹೋಯಿತು.

ಇದಕ್ಕೆ ಬೇಕಾದ ಸಾಮಗ್ರಿ ಇಲ್ಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ತೋಟದ ಮನೆಗಳಲ್ಲಿ ದಿನದಿನದ ಮಳೆ ಬರೆದಿಡುವವರು ಇದ್ದಾರೆ. ದೊಡ್ಡ ಚೌಕದ ಮುನ್ಸೂಚನೆಯನ್ನು ಈ ಅಳತೆಗಳ ಜೊತೆ ಕೂಡಿಸಿ ಒಂದೊಂದು ಕಣಿವೆಗೆ ತಿದ್ದುವುದನ್ನು ಯಂತ್ರಕ್ಕೆ ಕಲಿಸಬಹುದು. ಆದರೆ ಅಳತೆಗಳು ಕಡಿಮೆ ಇರುವುದರಿಂದ ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಇಲ್ಲದ ನಿಯಮವನ್ನು ಕಲಿತುಬಿಡುತ್ತದೆ. ಗಾಳಿ ಯಾವ ದಿಕ್ಕಿನಿಂದ ಬಂದರೆ ಯಾವ ಗುಡ್ಡದ ಮರೆಯಲ್ಲಿ ಮಳೆ ಕಡಿಮೆ ಅನ್ನುವ ಲೆಕ್ಕ ತಿಳಿದವರು ಅದನ್ನು ಹಿಡಿದು ನಡೆಸಬೇಕು. ಶಂಕರಘಟ್ಟದ ಎಂಎಸ್ಸಿ ವಿದ್ಯಾರ್ಥಿಯೊಬ್ಬರು ನಾಲ್ಕನೇ ಸೆಮಿಸ್ಟರ್‌ನ ಪ್ರಾಜೆಕ್ಟ್ ಆಗಿ ಇದನ್ನು ಒಂದು ಹೋಬಳಿಗೆ ಶುರು ಮಾಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹಳೆಯ ಮಳೆ ಲೆಕ್ಕ, ಒಂದು ಲ್ಯಾಪ್‌ಟಾಪ್, ಜೊತೆಗೆ ಕೂತು ಹೇಳಿಕೊಡುವ ಒಬ್ಬರು ಮೇಷ್ಟ್ರು ಇದ್ದರೆ ಸಾಕು.